ಕೈಲ್ ಮುಹೂರ್ತ ಮುಗಿಸಿ ಬಾಲಿಯ ಜ್ವಾಲಾಮುಖಿ ಬೆಟ್ಟಗಳಿಗೆ: ಕೊಡಗಿನಿಂದ ಹೊರಡುವವರಿಗೆ ಮಾರ್ಗದರ್ಶಿ

ಬಾಲಿ ಎಂದೊಡನೆ ಕಡಲತೀರ, ಈಜುಕೊಳ, ಗದ್ದೆಯ ಮೇಲೆ ತೂಗುವ ಉಯ್ಯಾಲೆಗಳ ಚಿತ್ರವೇ ಕಣ್ಣಿಗೆ ಬರುತ್ತದೆ. ದ್ವೀಪದ ದಕ್ಷಿಣ ತುದಿಯ ಆ ಬಾಲಿಗೆ ಹೋಗಲು ಮಾರ್ಗದರ್ಶಿ ಬೇಕಾಗಿಲ್ಲ; ಯಾವ ಪ್ರವಾಸಿ ಸಂಸ್ಥೆಯಾದರೂ ಕರೆದೊಯ್ಯುತ್ತದೆ. ನಾನು ಹೇಳಹೊರಟಿರುವುದು ಈಶಾನ್ಯದ ಬಾಲಿಯ ಬಗ್ಗೆ. ಬಾಟೂರ್ ಮತ್ತು ಆಗುಂಗ್ ಎಂಬ ಎರಡು ಜೀವಂತ ಜ್ವಾಲಾಮುಖಿಗಳು, ಅವುಗಳ ಮಡಿಲಿನ ಸರೋವರ, ಕಾಫಿ ತೋಟ, ಗದ್ದೆ, ಕಪ್ಪು ಮರಳಿನ ತೀರ ಅಲ್ಲಿವೆ. ಕಾಫಿ, ಭತ್ತ, ಬೆಟ್ಟ ಮೂರನ್ನೂ ಬಲ್ಲ ಕೊಡಗಿನವರಿಗೆ ಈ ಭಾಗ ಕೊಡುವಷ್ಟು ಸಂತೋಷವನ್ನು ಬಾಲಿಯ ಬೇರೆ ಯಾವ ಭಾಗವೂ ಕೊಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕಾಲ ಕೆಳಗಿನ ಬಂಡೆಗಳು ಭೂಮಿಯ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದವು, 300 ಕೋಟಿ ವರ್ಷ ದಾಟಿದವು. ಬಾಟೂರಿನ ತಪ್ಪಲಿನಲ್ಲಿ ನೀವು ಕಾಲಿಡುವ ಕಪ್ಪು ಕಲ್ಲಿನ ಬಯಲುಗಳಲ್ಲಿ ಕೆಲವು ನಮ್ಮ ಮನೆಯ ಹಿರಿಯರಿಗಿಂತ ಕಿರಿಯವು. ನೆಲ ಹುಟ್ಟುವುದು ಹೇಗೆ, ಅದರ ಮೇಲೆ ಮೊದಲ ಹುಲ್ಲು, ಮೊದಲ ಗಿಡ ಬರುವುದು ಹೇಗೆ ಎಂಬುದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ನಮ್ಮ ಸೀಮೆಯಲ್ಲಿ ಎಲ್ಲಿಯೂ ಇಲ್ಲ.

ಯಾವಾಗ ಹೊರಡಬೇಕು

ಬಾಲಿಯಲ್ಲಿ ಒಣ ಹವೆ ಇರುವುದು ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ನಮ್ಮಲ್ಲಿ ಕಕ್ಕಡ ಮಾಸದ ಮಳೆ ಬಡಿಯುವಾಗ ಅಲ್ಲಿ ಆಕಾಶ ತಿಳಿಯಾಗಿರುತ್ತದೆ. ಆದರೂ ಜುಲೈ, ಆಗಸ್ಟ್‌ನಲ್ಲಿ ಹೊರಡಬೇಡಿ. ಅದು ನಾಟಿಯ ಕಾಲ, ತೋಟದಲ್ಲಿ ಕೊಳೆರೋಗದ ಮೇಲೆ ಕಣ್ಣಿಡಬೇಕಾದ ಕಾಲ. 2018ರ ಭೂಕುಸಿತಗಳ ನಂತರ ಮಳೆಗಾಲದಲ್ಲಿ ಇಳಿಜಾರಿನ ಮನೆಯನ್ನು ಬಿಟ್ಟು ದೂರ ಹೋಗುವುದಕ್ಕೆ ಯಾರ ಮನಸ್ಸೂ ಒಪ್ಪುವುದಿಲ್ಲ. ಅಲ್ಲದೆ ಅದು ಯುರೋಪ್ ಮತ್ತು ಆಸ್ಟ್ರೇಲಿಯಾದವರ ರಜೆಯ ಕಾಲವಾದ್ದರಿಂದ ಕೋಣೆಯ ಬಾಡಿಗೆಯೂ ಏರಿರುತ್ತದೆ.

ಸರಿಯಾದ ಸಮಯವೆಂದರೆ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದಿಂದ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದವರೆಗಿನ ಐದಾರು ವಾರಗಳು. ನಾಟಿ ಮುಗಿದಿರುತ್ತದೆ, ಅರೇಬಿಕಾ ಹಣ್ಣಾಗಲು ಇನ್ನೂ ಸಮಯವಿರುತ್ತದೆ, ಬಾಲಿಯಲ್ಲಿ ಜನಸಂದಣಿ ಇಳಿದಿರುತ್ತದೆ. ಇನ್ನೊಂದು ಲಾಭವೂ ಇದೆ: ಅಲ್ಲಿನ ಬೆಟ್ಟದ ಅರೇಬಿಕಾ ಕೊಯ್ಲು ಮೇ ತಿಂಗಳ ಸುಮಾರಿಗೆ ಆರಂಭವಾಗಿ ಸೆಪ್ಟೆಂಬರ್‌ವರೆಗೂ ನಡೆಯುತ್ತದೆ. ಮುಹೂರ್ತ ಮುಗಿದ ವಾರವೇ ಹೊರಟರೆ ಕೊನೆಯ ಸುತ್ತಿನ ಕೊಯ್ಲು ಕಾಣಲು ಸಿಗಬಹುದು.

ಮಾರ್ಚ್ ತಿಂಗಳ ಸುಮಾರಿಗೆ ಬರುವ ನ್ಯೇಪಿ ಹಬ್ಬದ ದಿನ ಇಡೀ ದ್ವೀಪ ಮೌನವಾಗಿರುತ್ತದೆ. ವಿಮಾನ ನಿಲ್ದಾಣವೂ ಒಂದು ದಿನ ಮುಚ್ಚಿರುತ್ತದೆ, ಪ್ರವಾಸಿಗರೂ ತಂಗಿದ ಜಾಗ ಬಿಟ್ಟು ಹೊರಬರುವಂತಿಲ್ಲ. ಬೇಸಿಗೆ ರಜೆಗೆ ಮುಂಚೆಯೇ ಹೋಗುವ ಯೋಚನೆಯಿದ್ದವರು ಆ ವರ್ಷದ ನ್ಯೇಪಿ ಯಾವಾಗ ಎಂದು ಮೊದಲೇ ನೋಡಿಕೊಳ್ಳಬೇಕು.

ಕಾಗದಪತ್ರ ಮತ್ತು ಹಣ

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಮರಳುವ ಟಿಕೆಟ್ ಕೈಯಲ್ಲಿರಬೇಕು. ಭಾರತೀಯರಿಗೆ ಬಾಲಿಯಲ್ಲಿ ಇಳಿದ ಮೇಲೆ 30 ದಿನಗಳ ವೀಸಾ ಸಿಗುತ್ತದೆ; ಶುಲ್ಕ 5 ಲಕ್ಷ ರುಪಿಯಾ. ಕೇಳಿ ಗಾಬರಿಯಾಗಬೇಕಿಲ್ಲ, ಸರಿಸುಮಾರು 2,700ರಿಂದ 2,800 ರೂಪಾಯಿ ಅಷ್ಟೆ. ಇಂಡೋನೇಷ್ಯಾ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಮುಂಚೆಯೇ ಇ-ವೀಸಾ ಪಡೆದರೆ ನಿಲ್ದಾಣದಲ್ಲಿ ಒಂದು ಸಾಲು ತಪ್ಪುತ್ತದೆ. ಹುಡುಕುವಾಗ ಹೆಚ್ಚು ಹಣ ಕೇಳುವ ನಕಲಿ ತಾಣಗಳು ಮೇಲೆ ಬರುತ್ತವೆ, ವಿಳಾಸವನ್ನು ಎರಡು ಸಲ ಓದಿ. ಇದಲ್ಲದೆ 2024ರ ಫೆಬ್ರುವರಿಯಿಂದ ಪ್ರತಿ ವಿದೇಶಿ ಪ್ರವಾಸಿಗೂ 1.5 ಲಕ್ಷ ರುಪಿಯಾ ಪ್ರವಾಸೋದ್ಯಮ ಶುಲ್ಕವಿದೆ. ಶುಲ್ಕಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ವಾರದಲ್ಲಿ ಮತ್ತೊಮ್ಮೆ ಪರಿಶೀಲಿಸಿ.

ಪ್ರವಾಸ ವಿಮೆ ಮಾಡಿಸುವಾಗ ಜ್ವಾಲಾಮುಖಿಯಿಂದ ವಿಮಾನ ರದ್ದಾದರೆ ಪರಿಹಾರ ಸಿಗುತ್ತದೆಯೇ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. 2017ರ ನವೆಂಬರ್‌ನಲ್ಲಿ ಆಗುಂಗ್ ಉಗುಳಿದ ಬೂದಿಯಿಂದ ವಿಮಾನ ನಿಲ್ದಾಣ ಮುಚ್ಚಿ, ಸಾವಿರಾರು ಪ್ರಯಾಣಿಕರು ಸಿಕ್ಕಿಕೊಂಡಿದ್ದರು.

ಹಣವನ್ನು ಬೀದಿಬದಿಯ ಅಂಗಡಿಗಳಲ್ಲಿ ಬದಲಿಸಬೇಡಿ. ಬ್ಯಾಂಕಿನ ಆವರಣದೊಳಗಿನ ಎಟಿಎಂ ಸುರಕ್ಷಿತ. ಬೆಟ್ಟದ ಹಳ್ಳಿಗಳಲ್ಲಿ ನಗದೇ ನಡೆಯುವುದು, ಹೀಗಾಗಿ ಕೆಳಗಿಂದಲೇ ತೆಗೆದುಕೊಂಡು ಹೋಗಿ.

ದಾರಿ

ಮಡಿಕೇರಿಯಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 300 ಕಿಲೋಮೀಟರ್. ಬೆಂಗಳೂರಿನ ಸಂಚಾರವನ್ನು ನಂಬುವಂತಿಲ್ಲ, ಆದ್ದರಿಂದ ಹಿಂದಿನ ದಿನವೇ ಹೊರಡುವುದು ಒಳ್ಳೆಯದು. 2024ರಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಸೇವೆ ಆರಂಭವಾಯಿತು. ಇಲ್ಲವಾದರೆ ಕೌಲಾಲಂಪುರ ಅಥವಾ ಸಿಂಗಪುರದಲ್ಲಿ ಬದಲಿಸಬೇಕು. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತದೆ.

ವಾಹನ ನಮ್ಮಲ್ಲಿಯಂತೆ ಎಡಬದಿಯಲ್ಲೇ ಚಲಿಸುತ್ತದೆ. ಹಾಗೆಂದು ಸ್ಕೂಟರ್ ಬಾಡಿಗೆಗೆ ಪಡೆದು ಬೆಟ್ಟ ಹತ್ತಬೇಡಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದಿದ್ದರೆ ದಂಡ ಮಾತ್ರವಲ್ಲ, ಅಪಘಾತವಾದಾಗ ವಿಮೆಯೂ ಕೈಕೊಡುತ್ತದೆ. ಚಾಲಕನ ಸಮೇತ ಕಾರು ದಿನದ ಲೆಕ್ಕದಲ್ಲಿ ಸಿಗುತ್ತದೆ. ನಾಲ್ವರ ಕುಟುಂಬಕ್ಕೆ ಅದು ದುಬಾರಿಯೇನಲ್ಲ.

ನನ್ನ ಸಲಹೆ ಆಗುಂಗ್ ಬೆಟ್ಟವನ್ನು ಸುತ್ತುವ ದಾರಿ: ನಿಲ್ದಾಣದಿಂದ ನೇರ ಉತ್ತರಕ್ಕೆ ಬಾಟೂರ್ ಬೆಟ್ಟವಿರುವ ಕಿಂತಾಮಣಿ ಸೀಮೆ, ಅಲ್ಲಿ ಮೂರು ರಾತ್ರಿ; ಅಲ್ಲಿಂದ ಪೂರ್ವ ಕರಾವಳಿಗೆ ಇಳಿದು ಆಮೆಡ್‌ನಲ್ಲಿ ಎರಡು ರಾತ್ರಿ; ಕೊನೆಗೆ ಸಿಡೆಮೆನ್ ಕಣಿವೆಯಲ್ಲಿ ಎರಡು ರಾತ್ರಿ ಕಳೆದು ನಿಲ್ದಾಣಕ್ಕೆ ಮರಳುವುದು. ಇದಕ್ಕಿಂತ ಹೆಚ್ಚು ಊರುಗಳನ್ನು ಸೇರಿಸಬೇಡಿ. ಜಲಪಾತ, ಲವಂಗದ ತೋಟಗಳಿಗೆ ಹೆಸರಾದ ಮುಂಡುಕ್ ಎಂಬ ಊರು ಉತ್ತರದಲ್ಲಿದೆ, ನಿಜವಾಗಿಯೂ ಸುಂದರ. ಆದರೆ ಅಬ್ಬಿ, ಇರ್ಪುಗಳನ್ನು ಮನೆಯ ಪಕ್ಕದಲ್ಲೇ ಇಟ್ಟುಕೊಂಡವರು ಅದಕ್ಕಾಗಿ ಒಂದು ದಿನ ಕಾರಿನಲ್ಲಿ ಕೂರುವುದು ಬೇಡ.

ಬಾಟೂರ್: ಅಂಚಿನಲ್ಲಿ ನಿಲ್ಲಬೇಡಿ, ಕೆಳಗಿಳಿಯಿರಿ

ವಿಮಾನ ನಿಲ್ದಾಣದಿಂದ ಎರಡು, ಎರಡೂವರೆ ಗಂಟೆಯ ದಾರಿ. ಉಬುದ್ ದಾಟಿದ ಮೇಲೆ ರಸ್ತೆ ನಿಧಾನವಾಗಿ ಏರುತ್ತಾ ಹೋಗಿ ಪೆನೆಲೋಕನ್ ಎಂಬಲ್ಲಿ ನೆಲವೇ ಮುಗಿದುಹೋದಂತೆ ನಿಲ್ಲುತ್ತದೆ. ಕೆಳಗೆ ಹತ್ತು ಕಿಲೋಮೀಟರಿಗೂ ಅಗಲವಾದ ತಗ್ಗು. ಅದರ ನಡುವೆ ಕಪ್ಪು ಕಲೆಗಳ ಬಾಟೂರ್ ಬೆಟ್ಟ, ಪಕ್ಕದಲ್ಲಿ ಬಾಲಿಯ ಅತಿ ದೊಡ್ಡ ಸರೋವರ. ಈ ತಗ್ಗನ್ನು ಭೂವಿಜ್ಞಾನಿಗಳು ಕ್ಯಾಲ್ಡೆರಾ ಎನ್ನುತ್ತಾರೆ. ಮಹಾಸ್ಫೋಟದಲ್ಲಿ ಒಳಗಿನ ಶಿಲಾರಸ ಹೊರಚಿಮ್ಮಿ ಖಾಲಿಯಾದಾಗ ಬೆಟ್ಟದ ನೆತ್ತಿ ಒಳಕ್ಕೆ ಕುಸಿದು ಆದದ್ದು ಇದು. ಇಲ್ಲಿ ಹಾಗೆ ಎರಡು ಸಲ ನಡೆದಿದೆ: ಸುಮಾರು 29,000 ವರ್ಷಗಳ ಹಿಂದೆ ಒಮ್ಮೆ, ಸುಮಾರು 20,000 ವರ್ಷಗಳ ಹಿಂದೆ ಇನ್ನೊಮ್ಮೆ. 2012ರಲ್ಲಿ ಈ ಪ್ರದೇಶ ಯುನೆಸ್ಕೊ ಮಾನ್ಯತೆಯ ಜಿಯೋಪಾರ್ಕ್, ಅಂದರೆ ಭೂವೈಜ್ಞಾನಿಕ ಉದ್ಯಾನ ಆಯಿತು. ಪೆನೆಲೋಕನ್‌ನಲ್ಲಿರುವ ಅದರ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಟ್ಟರೆ ಮುಂದಿನ ಮೂರು ದಿನ ಕಣ್ಣಿಗೆ ಬೀಳುವ ಪ್ರತಿ ಕಲ್ಲಿಗೂ ಅರ್ಥ ಬರುತ್ತದೆ.

ಬಹುಪಾಲು ಪ್ರವಾಸಿಗರು ಅಂಚಿನ ಮೇಲಿನ ಯಾವುದಾದರೂ ಕೆಫೆಯಲ್ಲಿ ಕುಳಿತು, ಚಿತ್ರ ತೆಗೆದು, ಮಧ್ಯಾಹ್ನದೊಳಗೆ ಇಳಿದುಹೋಗುತ್ತಾರೆ. ಮಧ್ಯಾಹ್ನದ ನಂತರ ಹೆಚ್ಚಾಗಿ ಮೋಡ ಕವಿಯುತ್ತದೆ. ಹಗಲಿನ ಗದ್ದಲವೂ ಇದೆ, ಮಾರುವವರ ಒತ್ತಾಯವೂ ಇದೆ. ನೀವು ಹಾಗೆ ಮಾಡದೆ ಸರೋವರದ ದಡಕ್ಕೆ ಇಳಿಯಿರಿ. ತೋಯಾ ಬುಂಕಾ ಸುತ್ತಮುತ್ತ ಸರಳವಾದ ತಂಗುಮನೆಗಳಿವೆ, ಬಿಸಿನೀರಿನ ಬುಗ್ಗೆಗಳಿವೆ. ಸಂಜೆ ಬಿಸಿನೀರಿನಲ್ಲಿ ಕುಳಿತು ಎದುರಿನ ತಣ್ಣನೆಯ ಸರೋವರವನ್ನು ನೋಡುವುದು, ಬೆಳಿಗ್ಗೆ ಎದ್ದು ಈರುಳ್ಳಿ, ಟೊಮೆಟೊ ಬೆಳೆದ ಪಾತಿಗಳ ನಡುವೆ ಮಂಜು ಏಳುವವರೆಗೆ ನಡೆಯುವುದು: ವಿಶ್ರಾಂತಿ ಬೇಕೆಂದು ಬಂದವರಿಗೆ ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ. ಸರೋವರದ ಮಟ್ಟವೇ ಸಮುದ್ರದಿಂದ ಸಾವಿರ ಮೀಟರ್ ಮೇಲಿದೆ, ಅಂದರೆ ಮಡಿಕೇರಿಗಿಂತ ಸ್ವಲ್ಪ ಕಡಿಮೆ ಎತ್ತರ. ರಾತ್ರಿ ಚಳಿ ಇರುತ್ತದೆ. ಬಾಲಿಯೆಂದರೆ ಸೆಕೆ ಎಂದುಕೊಂಡು ಸ್ವೆಟರ್ ಬಿಟ್ಟುಹೋಗಬೇಡಿ.

ಮಾರನೆಯ ದಿನ ಬಾಟೂರ್ ಏರಬಹುದು. ಎತ್ತರ 1,717 ಮೀಟರ್, ನಮ್ಮ ತಡಿಯಂಡಮೋಳ್‌ಗಿಂತ 31 ಮೀಟರ್ ಮಾತ್ರ ಕಡಿಮೆ. ಏರುವುದು ಸುಮಾರು ಎರಡು ಗಂಟೆ. ಸೂರ್ಯೋದಯ ನೋಡಬೇಕಾದರೆ ನಾಲ್ಕು ಗಂಟೆಗೆ ಮುಂಚೆಯೇ ನಡೆಯಲು ಆರಂಭಿಸಬೇಕು. ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋಗಲು ಬಿಡುವುದಿಲ್ಲ, ಅದು ಸರಿಯಾದ ನಿಯಮವೇ. ತಡಿಯಂಡಮೋಳ್ ಹತ್ತಿ ಅಭ್ಯಾಸವಿದ್ದವರಿಗೆ ಉಸಿರಿನ ತೊಂದರೆ ಆಗಲಾರದು, ಜಿಗಣೆಯ ಕಾಟವೂ ಇಲ್ಲ. ಕಷ್ಟವಿರುವುದು ಕಾಲ ಕೆಳಗಿನ ನೆಲದಲ್ಲಿ. ಮೇಲಿನ ಭಾಗದಲ್ಲಿ ಸಡಿಲವಾದ ಕಪ್ಪು ಜಲ್ಲಿ ಹೆಜ್ಜೆ ಇಟ್ಟಂತೆ ಜಾರುತ್ತದೆ, ಇಳಿಯುವಾಗ ಇನ್ನೂ ಹೆಚ್ಚು. ಗಟ್ಟಿ ಹಿಡಿತದ ಬೂಟು, ತಲೆಗೆ ಕಟ್ಟುವ ದೀಪ, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಮೇಲೆ ಬಂಡೆಯ ಸಂದುಗಳಿಂದ ಬಿಸಿ ಹಬೆ ಏಳುತ್ತಿರುತ್ತದೆ, ಮಾರ್ಗದರ್ಶಕರು ಅದರಲ್ಲೇ ಮೊಟ್ಟೆ ಬೇಯಿಸಿ ಕೊಡುತ್ತಾರೆ. ಉಬ್ಬಸ ಇರುವವರು ಹಬೆಯ ಹತ್ತಿರ ಹೋಗಬಾರದು. ಮೊಣಕಾಲು ನೋವಿನ ಹಿರಿಯರು ಏರದಿದ್ದರೆ ನಷ್ಟವೇನೂ ಇಲ್ಲ. ದಡದ ರಸ್ತೆಯಲ್ಲಿ ನಿಂತರೂ ಹೊಳಪು ಮಾಸದ ಲಾವಾ ಬಯಲು ಕಾಣುತ್ತದೆ.

ಆ ಬಯಲಿನ ಕಥೆ ತಿಳಿದು ನೋಡಬೇಕು. ಬಾಟೂರ್ ಎಂಬ ಹಳ್ಳಿ ಹಿಂದೆ ಈ ತಗ್ಗಿನೊಳಗೇ, ಬೆಟ್ಟದ ಬುಡದಲ್ಲಿತ್ತು. 1917ರ ಸ್ಫೋಟದಲ್ಲಿ ಲಾವಾ ಊರಿನ ಗುಡಿಯ ಬಾಗಿಲಿನವರೆಗೆ ಬಂದು ನಿಂತಿತೆಂದು ಜನ ಅಲ್ಲೇ ಉಳಿದರು. 1926ರಲ್ಲಿ ಬಂದ ಲಾವಾ ನಿಲ್ಲಲಿಲ್ಲ. ಊರು ಮುಚ್ಚಿಹೋಯಿತು. ಜನ ದೇವರನ್ನು ಹೊತ್ತುಕೊಂಡು ಮೇಲಿನ ಅಂಚಿಗೆ ಬಂದು ಅಲ್ಲೇ ಹೊಸ ಊರು, ಹೊಸ ಗುಡಿ ಕಟ್ಟಿದರು. ಅದೇ ಇಂದಿನ ಪುರ ಉಲುನ್ ದಾನು ಬಾಟೂರ್, ಸರೋವರದ ದೇವಿಯ ಗುಡಿ. ಈ ಸರೋವರದಿಂದ ಹೊರಗೆ ಹರಿಯುವ ಹೊಳೆಯಿಲ್ಲ. ನೀರು ನೆಲದೊಳಗೆ ಇಂಗಿ ಕೆಳಗೆಲ್ಲೋ ಬುಗ್ಗೆಯಾಗಿ ಏಳುತ್ತದೆ. ಕೆಳಗಿನ ಗದ್ದೆಗಳ ರೈತರು ಆ ನೀರಿಗಾಗಿ ಈ ದೇವಿಗೆ ಕಾಣಿಕೆ ತರುತ್ತಾರೆ. ತಲಕಾವೇರಿಯ ತೀರ್ಥೋದ್ಭವಕ್ಕೆ ನಡೆದುಹೋಗುವ ನಾಡಿನವರಿಗೆ ಈ ಭಕ್ತಿಯನ್ನು ವಿವರಿಸಬೇಕಿಲ್ಲ.

ಸರೋವರದ ಆಚೆ ದಡದಲ್ಲಿ ತ್ರುನ್ಯಾನ್ ಎಂಬ ಹಳ್ಳಿಯಿದೆ. ಅಲ್ಲಿನವರು ಶವಗಳನ್ನು ಹೂಳದೆ, ಸುಡದೆ ಒಂದು ಮರದ ಕೆಳಗೆ ಬಿದಿರಿನ ಮರೆಯಲ್ಲಿ ಇರಿಸುತ್ತಾರೆ. ಅದನ್ನು ತೋರಿಸಲು ದೋಣಿಯವರು ಕರೆಯುತ್ತಾರೆ. ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಊರಿನ ಸ್ಮಶಾನಕ್ಕೆ ಅಪರಿಚಿತರು ಕ್ಯಾಮೆರಾ ಹಿಡಿದು ಬಂದರೆ ನಮಗೆ ಏನನ್ನಿಸುತ್ತದೋ ಅವರಿಗೂ ಹಾಗೆಯೇ ಅನ್ನಿಸುತ್ತದೆ.

ಹೊರಡುವ ಮುನ್ನ ಇಂಡೋನೇಷ್ಯಾದ ಜ್ವಾಲಾಮುಖಿ ಇಲಾಖೆಯ ಮ್ಯಾಗ್ಮಾ ಇಂಡೋನೇಷ್ಯಾ ತಾಣವನ್ನು ಮೊಬೈಲ್‌ನಲ್ಲಿ ತೆರೆದು ನೋಡಿ. ಪ್ರತಿ ಬೆಟ್ಟಕ್ಕೂ ಒಂದರಿಂದ ನಾಲ್ಕರವರೆಗೆ ಎಚ್ಚರಿಕೆಯ ಮಟ್ಟ ಇರುತ್ತದೆ. ಒಂದು ಎಂದರೆ ಸಾಮಾನ್ಯ ಸ್ಥಿತಿ. ಎರಡಕ್ಕೆ ಏರಿದರೆ ಎಷ್ಟು ದೂರ ನಿಲ್ಲಬೇಕೆಂದು ಅಲ್ಲೇ ಬರೆದಿರುತ್ತಾರೆ. ಮೂರಕ್ಕೆ ಹೋದರೆ ಬೆಟ್ಟದ ಆಸೆ ಬಿಟ್ಟು ಕರಾವಳಿಗೆ ಇಳಿಯಿರಿ. ಬಾಟೂರ್ ಕೊನೆಯ ಸಲ ಉಗುಳಿದ್ದು 2000ದಲ್ಲಿ, ಆಗುಂಗ್ 2019ರಲ್ಲಿ.

ಕಿಂತಾಮಣಿಯ ಕಾಫಿ ತೋಟಗಳು

ಒಂದು ಪೂರ್ತಿ ದಿನವನ್ನು ಇದಕ್ಕೆ ಇಡಿ. ಕ್ಯಾಲ್ಡೆರಾದ ಹೊರ ಇಳಿಜಾರಿನಲ್ಲಿ, ಜ್ವಾಲಾಮುಖಿ ಬೂದಿಯಿಂದಾದ ಸಡಿಲ ಕಪ್ಪು ಮಣ್ಣಿನಲ್ಲಿ ಸಣ್ಣ ರೈತರು ಅರೇಬಿಕಾ ಬೆಳೆಯುತ್ತಾರೆ. ಇಂಡೋನೇಷ್ಯಾದಲ್ಲಿ ಮೊದಲ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದ್ದು ಈ ಕಾಫಿಗೆ, 2008ರಲ್ಲಿ. ಕೊಡಗಿನ ಅರೇಬಿಕಾಕ್ಕೆ ಆ ಮಾನ್ಯತೆ ಬಂದದ್ದು 2019ರಲ್ಲಿ.

ತೋಟದೊಳಗೆ ಕಾಲಿಟ್ಟ ಕೂಡಲೇ ಪರಿಚಯದ ಮುಖಗಳು ಕಾಣಿಸುತ್ತವೆ. ನೆರಳಿಗೆ ಹಾಲುವಾಣದ ಜಾತಿಯ ಮರಗಳಿವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ನಮ್ಮ ಎಸ್.795 ತಳಿಯೂ ಅಲ್ಲಿದೆ. ಗಿಡಗಳ ನಡುವೆ ಕಿತ್ತಳೆ ಜಾತಿಯ ಹಣ್ಣಿನ ಮರಗಳಿವೆ, ತುಂಬಾ ಫಲ ಹೊತ್ತು ನಿಂತಿರುತ್ತವೆ. ಕಾಫಿಯ ನಡುವೆ ಕೊಡಗಿನ ಕಿತ್ತಳೆ ತೂಗುತ್ತಿದ್ದುದನ್ನು ಕಂಡ ತಲೆಮಾರಿನವರು ಈ ನೋಟದ ಮುಂದೆ ಸುಮ್ಮನೆ ನಿಂತುಬಿಡುತ್ತಾರೆ. ರೋಗಕ್ಕೆ ಸಿಕ್ಕಿ ನಾವು ಬಹುಪಾಲು ಕಳೆದುಕೊಂಡ ಆ ಜೋಡಿ ಬೆಳೆ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಆದರೆ ನೆರಳಿನ ವಿಷಯದಲ್ಲಿ ನಮ್ಮ ತೋಟಗಳೇ ಶ್ರೀಮಂತ. ಅತ್ತಿ, ಹಲಸು, ನಂದಿ, ಮತ್ತಿಗಳ ಎರಡು ಮೂರು ಅಂತಸ್ತಿನ ಚಪ್ಪರ ಅಲ್ಲಿಲ್ಲ. ಸಿಲ್ವರ್ ಮರವೊಂದೇ ಸಾಕೆಂದು ಹಳೆಯ ಮರಗಳನ್ನು ಕಡಿಯುವ ಯೋಚನೆ ಇರುವವರು ಅಲ್ಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆ ನಿಂತು ಬರಬೇಕು.

ಭೇಟಿಗೆ ರೈತರ ಸಹಕಾರ ಗುಂಪುಗಳನ್ನು ಹುಡುಕಿ. ಸುಬಕ್ ಅಬಿಯಾನ್ ಎಂದು ಕೇಳಿದರೆ ತಂಗುಮನೆಯವರು ದಾರಿ ತೋರಿಸುತ್ತಾರೆ. ಹಣ್ಣಾದದ್ದನ್ನು ಮಾತ್ರ ಆರಿಸುವುದು, ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವುದು, ಒಣಗಿಸುವುದು ಎಲ್ಲವನ್ನೂ ತೋರಿಸುತ್ತಾರೆ. ನೀವೂ ಬೆಳೆಗಾರರೆಂದು ತಿಳಿದರೆ ಮಾತು ಬೇಗ ಮುಗಿಯುವುದಿಲ್ಲ. ನಿಮ್ಮ ತೋಟದ ಚಿತ್ರಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಚಿತ್ರ ಒಂದು ಗಂಟೆಯ ಸಂಭಾಷಣೆಗೆ ಸಾಕು.

ದಾರಿಯುದ್ದಕ್ಕೂ ಲುವಾಕ್ ಕಾಫಿಯ ಫಲಕಗಳು ಎದುರಾಗುತ್ತವೆ. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿ ಅದು. ಪ್ರವಾಸಿಗರಿಗೆ ತೋರಿಸಲೆಂದು ಬೆಕ್ಕುಗಳನ್ನು ಇಕ್ಕಟ್ಟಾದ ಪಂಜರಗಳಲ್ಲಿ ಕೂಡಿಹಾಕಿರುತ್ತಾರೆ. ರಾತ್ರಿ ತೋಟವೆಲ್ಲ ಅಲೆಯುವ ಈ ಪ್ರಾಣಿಯನ್ನು ನಾವು ಬಲ್ಲೆವು. ಪಂಜರ ಕಂಡಲ್ಲಿ ಒಂದು ಲೋಟವನ್ನೂ ಕೊಳ್ಳಬೇಡಿ.

ಆಮೆಡ್ ಮತ್ತು ತುಲಂಬೆನ್

ಕಿಂತಾಮಣಿಯಿಂದ ಕರಾವಳಿಗೆ ಇಳಿಯಲು ಎರಡು ಗಂಟೆಯ ಮೇಲಾಗುತ್ತದೆ. ಆಗುಂಗ್‌ನ ಈ ಮಗ್ಗುಲು ಒಣ ಸೀಮೆ, ಮಳೆ ಕಡಿಮೆ. ತೀರದ ಮರಳು, ಉರುಟು ಕಲ್ಲು ಎಲ್ಲವೂ ಕಪ್ಪು. ಆಮೆಡ್‌ನಲ್ಲಿ ಉದ್ದನೆಯ ಮರದ ದಿಮ್ಮಿಗಳನ್ನು ಕೊರೆದು ಮಾಡಿದ ತೊಟ್ಟಿಗಳಲ್ಲಿ ಕಡಲ ನೀರನ್ನು ಆರಿಸಿ ಉಪ್ಪು ಮಾಡುವ ಕುಟುಂಬಗಳಿವೆ. ಮನೆಗೆ ಒಯ್ಯಲು ಆ ಉಪ್ಪಿಗಿಂತ ಒಳ್ಳೆಯ ನೆನಪಿನ ವಸ್ತು ಕಾಣೆ.

ತುಲಂಬೆನ್‌ನಲ್ಲಿ ದಡದಿಂದ ಕೂಗಳತೆಯಲ್ಲೇ ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗು ಮುಳುಗಿ ಮಲಗಿದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿದ ಅದನ್ನು ಎಳೆದು ತಂದು ಈ ದಡಕ್ಕೆ ಹತ್ತಿಸಿದ್ದರು. 1963ರಲ್ಲಿ ಆಗುಂಗ್ ಸ್ಫೋಟಿಸಿದಾಗ ಆದ ಕಂಪನಗಳಿಗೆ ಹಡಗು ಜಾರಿ ನೀರಿಗಿಳಿಯಿತು. ಈಗ ಅದರ ತುಂಬ ಹವಳ, ಮೀನು. ಮೇಲಿನ ಭಾಗ ಹೆಚ್ಚು ಆಳದಲ್ಲಿಲ್ಲ, ಈಜುಗಾರರು ಕನ್ನಡಕ ಮತ್ತು ಉಸಿರುನಳಿಗೆ ಹಾಕಿಕೊಂಡೇ ನೋಡಬಹುದು. ಹೊಳೆ, ಕೆರೆಯಲ್ಲಿ ಈಜು ಕಲಿತವರೂ ಕಡಲಿನಲ್ಲಿ ಜೀವರಕ್ಷಕ ಜಾಕೆಟ್ ಇಲ್ಲದೆ ಇಳಿಯಬಾರದು. ಕಲ್ಲಿನ ದಡ, ರಬ್ಬರ್ ಬೂಟು ಅಗತ್ಯ.

ಸಿಡೆಮೆನ್ ಕಣಿವೆ

ಆಮೆಡ್‌ನಿಂದ ಹೊರಟು ದಾರಿಯಲ್ಲಿ ತೀರ್ಥ ಗಂಗಾದ ಕೊಳಗಳನ್ನು ನೋಡಬಹುದು. ಕರಂಗಾಸೆಮ್‌ನ ರಾಜ 1940ರ ದಶಕದಲ್ಲಿ ಕಟ್ಟಿಸಿದ್ದ ಈ ಜಲೋದ್ಯಾನ 1963ರ ಸ್ಫೋಟದಲ್ಲಿ ಹಾಳಾಗಿ ಮತ್ತೆ ಎದ್ದುನಿಂತಿದೆ. ಆ ಸ್ಫೋಟದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಸಿಡೆಮೆನ್‌ನಲ್ಲಿ ಮಾಡಬೇಕಾದ ಕೆಲಸ ಯಾವುದೂ ಇಲ್ಲ. ಗದ್ದೆಯ ಬದುವಿನ ಮೇಲೆ ನಡೆಯಿರಿ, ಕಾಲುವೆಯ ಜಾಡು ಹಿಡಿಯಿರಿ. ಬೆಳಿಗ್ಗೆ ಏಳರೊಳಗೆ ಆಗುಂಗ್ ಪೂರ್ತಿ ಕಾಣುತ್ತದೆ. ನೀರನ್ನು ಯಾವ ಗದ್ದೆಗೆ ಯಾವಾಗ ಬಿಡಬೇಕೆಂದು ರೈತರೇ ಕೂಡಿ ತೀರ್ಮಾನಿಸುವ ಸುಬಕ್ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. 2012ರಲ್ಲಿ ಅದರ ಕೆಲವು ಭೂದೃಶ್ಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು, ಬಾಟೂರ್ ಸರೋವರ ಮತ್ತು ಅದರ ಗುಡಿಯೂ ಆ ಪಟ್ಟಿಯಲ್ಲಿದೆ. ನಮ್ಮ ಗದ್ದೆಗಳು ಒಂದೊಂದಾಗಿ ಪಾಳು ಬೀಳುತ್ತಿರುವ ಈ ದಿನಗಳಲ್ಲಿ ಆ ಕಾಲುವೆಗಳ ಪಕ್ಕ ನಿಂತಾಗ ಮನಸ್ಸಿಗೆ ನೋವೂ ಆಗುತ್ತದೆ, ಆಸೆಯೂ ಹುಟ್ಟುತ್ತದೆ.

3,000 ಮೀಟರ್ ದಾಟಿದ ಆಗುಂಗ್ ಏರುವುದು ಈ ಪ್ರವಾಸಕ್ಕೆ ಹೊಂದುವುದಿಲ್ಲ. ಅದು ಇಡೀ ರಾತ್ರಿಯ ಕಠಿಣ ಚಾರಣ.

ಊಟ, ಗುಡಿ, ನಾಯಿ

ಹಂದಿಮಾಂಸ ಪ್ರಿಯರಿಗೆ ಬಾಲಿ ಒಳ್ಳೆಯ ನಾಡು. ಮಸಾಲೆ ತುಂಬಿ ಸುಟ್ಟ ಬಾಬಿ ಗುಲಿಂಗ್ ಬೆಳಿಗ್ಗೆಯೇ ಸಿದ್ಧವಾಗಿ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. ಬಾಟೂರ್ ದಡದಲ್ಲಿ ಸರೋವರದ ಮೀನು ಕೇಳಿ. ಸಸ್ಯಾಹಾರಿಗಳಿಗೆ ಅನ್ನ, ಸೊಪ್ಪು, ಸೋಯಾದ ತೆಂಪೆ ಎಲ್ಲೆಡೆ ಸಿಗುತ್ತದೆ. ಆದರೆ ಸಂಬಲ್ ಎಂಬ ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ಕೇಳಿಯೇ ತಿನ್ನಿ. ನಲ್ಲಿಯ ನೀರು ಕುಡಿಯಬೇಡಿ. ಗುರುತಿಲ್ಲದ ಬಾಟಲಿಯ ಅರಕ್ ಎಂಬ ಸ್ಥಳೀಯ ಮದ್ಯವನ್ನು ಮುಟ್ಟಲೇಬೇಡಿ, ಮೆಥನಾಲ್ ಬೆರೆತ ಅರಕ್ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ.

ಗುಡಿಗೆ ಹೋಗುವಾಗ ಸೊಂಟಕ್ಕೆ ವಸ್ತ್ರ ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಬೇಕು. ಕುಪ್ಯದ ಮೇಲೆ ಚೇಲೆ ಎಂಬ ಪಟ್ಟಿ ಕಟ್ಟುವವರಿಗೆ ಇದು ಸಹಜವಾಗಿ ಒಗ್ಗುತ್ತದೆ. ಪ್ರತಿ ಮನೆಯ ಅಂಗಳದಲ್ಲೂ ಪೂರ್ವಜರ ಗುಡಿ ಇರುತ್ತದೆ. ಐನ್‌ಮನೆಯ ಕೈಮಡದ ಮುಂದೆ ನಿಲ್ಲುವಷ್ಟೇ ಗೌರವದಿಂದ ನಿಲ್ಲಿ, ಕರೆಯದೆ ಒಳಗೆ ಹೋಗಬೇಡಿ. ನೆಲದ ಮೇಲಿಟ್ಟ ಹೂವಿನ ಪುಟ್ಟ ಬುಟ್ಟಿಗಳನ್ನು ತುಳಿಯದಂತೆ ನಡೆಯಿರಿ.

2008ರಿಂದ ಬಾಲಿಯಲ್ಲಿ ರೇಬಿಸ್ ಇದೆ. ನಾಯಿಯಾಗಲಿ ಕೋತಿಯಾಗಲಿ ಕಚ್ಚಿದರೆ ಸಾಬೂನು ಹಾಕಿ ಕಾಲು ಗಂಟೆ ತೊಳೆದು, ಅದೇ ದಿನ ಲಸಿಕೆ ಹಾಕಿಸಿಕೊಳ್ಳಿ.

ಮರಳುವಾಗ

ಬೆಳೆಗಾರರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಕಿಂತಾಮಣಿಯ ಒಳ್ಳೆಯ ಗಿಡ ಕಂಡಾಗ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳುವ ಆಸೆ ಯಾರಿಗಾದರೂ ಆಗುತ್ತದೆ. ಹಸಿ ಕಾಫಿ ಬೀಜ, ಸಸಿ, ರೆಂಬೆ, ಕಿತ್ತಳೆಯ ಕಸಿಕಣ್ಣು, ಮಣ್ಣು ಯಾವುದನ್ನೂ ತರಬೇಡಿ. ಪರವಾನಗಿ ಇಲ್ಲದೆ ತರುವುದು ಭಾರತದ ಸಸ್ಯ ಕ್ವಾರಂಟೈನ್ ಕಾನೂನಿಗೆ ವಿರುದ್ಧ, ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣ ನಮ್ಮ ತೋಟಗಳಲ್ಲೇ ಇದೆ. ಕಾಫಿ ಕಾಯಿಯನ್ನು ಕೊರೆಯುವ ಕಾಯಿಕೊರಕ ಕೀಟ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಅದು ಕೊಡಗಿಗೆ ಬಂದಿತು, ಇಂದಿಗೂ ಪ್ರತಿ ಕೊಯ್ಲಿನಲ್ಲಿ ಅದರ ಜೊತೆ ಹೋರಾಡುತ್ತಿದ್ದೇವೆ. ನಮ್ಮಲ್ಲಿ ಇಲ್ಲದ ರೋಗ, ಕೀಟ ಇನ್ನೂ ಇವೆ.

ಹುರಿದ ಕಾಫಿಯನ್ನು ಮುಚ್ಚಿದ ಪೊಟ್ಟಣದಲ್ಲಿ ತರಬಹುದು. ಕೊನೆಯ ದಿನ ತಂಗುಮನೆಯಲ್ಲೇ ಬೂಟಿನ ತಳವನ್ನು ಬ್ರಷ್ ಹಾಕಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಚೀಲಕ್ಕೆ ಹಾಕಿ. ತೋಟದಲ್ಲಿ ತೊಟ್ಟ ಬಟ್ಟೆಗಳನ್ನು ಬೇರೆ ಚೀಲದಲ್ಲಿಟ್ಟು, ಮನೆ ಸೇರಿದ ದಿನವೇ ಬಿಸಿನೀರಿನಲ್ಲಿ ಒಗೆಯಿರಿ. ಅಷ್ಟು ಮಾಡುವವರೆಗೆ ಆ ಬೂಟು ತೊಟ್ಟು ನಿಮ್ಮ ತೋಟಕ್ಕೆ ಇಳಿಯಬೇಡಿ.